ವ್ಯಾನಿಗೆ ಹೊಸ ಹೆಡ್ ಯೂನಿಟ್ ಹಾಕಿದ ಮೇಲೆ ಬರುವ ತೊಂದರೆಗಳು: ದೋಷ ಹುಡುಕುವ ಕೈಪಿಡಿ

ವ್ಯಾನಿನ ಜೊತೆಗೇ ಬಂದ ಸ್ಟೀರಿಯೋ ತೆಗೆದು ಟಚ್‌ಸ್ಕ್ರೀನ್ ಇರುವ ಹೊಸ ಹೆಡ್ ಯೂನಿಟ್ ಕೂರಿಸಿದ್ದೀರಿ. ಈಗ ಅದು ಆನ್ ಆಗುತ್ತಿಲ್ಲ. ಇಲ್ಲವೇ ಆನ್ ಆಗಿದೆ, ಸದ್ದು ಬರುತ್ತಿಲ್ಲ. ಇಲ್ಲವೇ ಎಲ್ಲ ಚೆನ್ನಾಗಿದೆ ಅಂದುಕೊಂಡು ಮಲಗಿದರೆ ಬೆಳಗ್ಗೆ ವ್ಯಾನ್ ಸ್ಟಾರ್ಟೇ ಆಗುತ್ತಿಲ್ಲ. ಇಂಥ ಹೊತ್ತಿನಲ್ಲಿ ಯೂನಿಟ್ಟೇ ಕೆಟ್ಟದ್ದು ಬಂದಿದೆ ಅನ್ನಿಸುವುದು ಸಹಜ. ವಾಪಸ್ ಕಳಿಸುವ ಮುಂಚೆ ಸ್ವಲ್ಪ ತಡೆಯಿರಿ. ನಾನು ನೋಡಿದ ಮಟ್ಟಿಗೆ ಇಂಥ ತೊಂದರೆಗಳ ಮೂಲ ಹೆಚ್ಚಾಗಿ ಯೂನಿಟ್ಟಿನ ಹಿಂದಿರುವ ಒಂದು ಗೇಣು ವೈರಿನಲ್ಲೇ ಸಿಗುತ್ತದೆ.

ಊಹೆ ಮಾಡಿ ಸಾಮಾನು ಬದಲಿಸಬೇಡಿ, ಮಲ್ಟಿಮೀಟರ್ ಹಿಡಿದು ಅಳೆಯಿರಿ. ಅದೂ ಯೂನಿಟ್ಟಿನ ಹಿಂದಿನ ಕಪ್ಲರಿನಲ್ಲೇ (ವೈರುಗಳನ್ನು ಜೋಡಿಸುವ ಪ್ಲಗ್ಗಿನಲ್ಲೇ), ಯೂನಿಟ್ ಕೆಲಸ ಮಾಡುತ್ತಿರುವಾಗಲೇ ಅಳೆಯಿರಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಎರಡು ವೈರ್ ಒಟ್ಟಿಗೆ ಬದಲಿಸಿ ಸರಿಹೋದರೆ, ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗುವುದೇ ಇಲ್ಲ, ಅಲ್ವಾ?

ಕೈ ಹಾಕುವ ಮುಂಚೆ

ವೈರ್ ಕತ್ತರಿಸುವ, ಜೋಡಿಸುವ ಕೆಲಸವಿದ್ದರೆ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಅಳತೆ ಮಾಡುವಾಗ ಮಾತ್ರ ಮತ್ತೆ ಸಿಕ್ಕಿಸಿ. ಡ್ಯಾಶ್‌ಬೋರ್ಡ್ ಒಳಗೆ ಹಳದಿ ಬಣ್ಣದ ಕಪ್ಲರ್, ಹಳದಿ ಕವಚದ ವೈರ್ ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು. ಅದನ್ನು ಮುಟ್ಟಬೇಡಿ, ಮೀಟರ್ ಪ್ರೋಬನ್ನೂ ತಾಗಿಸಬೇಡಿ.

ಬಲ್ಬ್ ಇರುವ ಹಳೇ ಟೆಸ್ಟ್ ಲ್ಯಾಂಪ್ ಪಕ್ಕಕ್ಕಿಡಿ. ಅದು ಎಳೆಯುವ ಕರೆಂಟು ಇವತ್ತಿನ ಕಂಟ್ರೋಲ್ ಯೂನಿಟ್‌ಗಳ ತೆಳು ವೈರುಗಳಿಗೆ ಜಾಸ್ತಿಯಾಗುತ್ತದೆ. ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಅದರ ಜೊತೆ 1.5 ವೋಲ್ಟಿನ ಒಂದು ಪೆನ್ಸಿಲ್ ಸೆಲ್, ಫ್ಯೂಸ್ ಇರುವ ಒಂದು ಉದ್ದನೆಯ ವೈರ್, ಒಂದಷ್ಟು ಬಿಡಿ ಫ್ಯೂಸ್ ಇಟ್ಟುಕೊಳ್ಳಿ.

ಬ್ಯಾಟರಿಯ ವೋಲ್ಟೇಜನ್ನೂ ಮೊದಲೇ ನೋಡಿ. ಇಂಜಿನ್ ಆಫ್ ಇದ್ದಾಗ ಸುಮಾರು 12.6, ಓಡುತ್ತಿರುವಾಗ 13.8ರಿಂದ 14.4 ವೋಲ್ಟ್ ಸಿಗಬೇಕು. ದೊಡ್ಡ ವ್ಯಾನ್, ಮಿನಿಬಸ್ಸುಗಳಲ್ಲಿ ಕೆಲವು 24 ವೋಲ್ಟಿನವು ಇರುತ್ತವೆ. ಅವಕ್ಕೆ 12 ವೋಲ್ಟಿನ ಯೂನಿಟ್ ನೇರವಾಗಿ ಸಿಕ್ಕಿಸಿದರೆ ಅದು ಸುಟ್ಟೇಹೋಗುತ್ತದೆ. ನಡುವೆ ವೋಲ್ಟೇಜ್ ಇಳಿಸುವ ಕನ್ವರ್ಟರ್ ಬೇಕೇಬೇಕು.

ಇನ್ನು ವೈರಿನ ಬಣ್ಣ. ಹೊಸ ಯೂನಿಟ್ಟಿನ ಕಡೆ ಬಣ್ಣಗಳು ಹೆಚ್ಚುಕಮ್ಮಿ ಎಲ್ಲ ಕಂಪನಿಗಳಲ್ಲೂ ಒಂದೇ. ಹಳದಿ ಅಂದರೆ ಸದಾ ಇರುವ 12 ವೋಲ್ಟ್. ಕೆಂಪು ಅಂದರೆ ಕೀ ತಿರುಗಿಸಿದಾಗ ಮಾತ್ರ ಬರುವ 12 ವೋಲ್ಟ್. ಕಪ್ಪು ಅರ್ತ್. ನೀಲಿ ಆಂಟೆನಾಗೆ, ನೀಲಿ-ಬಿಳಿ ಗೆರೆಯದ್ದು ಆಂಪ್ಲಿಫೈಯರನ್ನು ಎಬ್ಬಿಸಲು. ಕಿತ್ತಳೆ ಬಣ್ಣದ್ದು ರಾತ್ರಿ ದೀಪಕ್ಕೆ. ಸ್ಪೀಕರುಗಳಿಗೆ ಬಿಳಿ ಮುಂದಿನ ಎಡ, ಬೂದು ಮುಂದಿನ ಬಲ, ಹಸಿರು ಹಿಂದಿನ ಎಡ, ನೇರಳೆ ಹಿಂದಿನ ಬಲ. ಅದೇ ಬಣ್ಣದ ಮೇಲೆ ಕಪ್ಪು ಗೆರೆ ಇದ್ದರೆ ಅದು ನೆಗೆಟಿವ್. ಆದರೆ ವ್ಯಾನಿನ ಕಡೆಯ ವೈರುಗಳ ಬಣ್ಣಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಬಣ್ಣಕ್ಕೆ ಬಣ್ಣ ಜೋಡಿಸುತ್ತಾ ಹೋದರೆ ಕೆಟ್ಟಿತು ಅಂತಲೇ ಲೆಕ್ಕ.

ಆನ್ ಆಗುತ್ತಲೇ ಇಲ್ಲ

ಮೊದಲು ಫ್ಯೂಸ್. ಯೂನಿಟ್ಟಿನ ಹಿಂಬದಿಯಲ್ಲೇ 10 ಅಥವಾ 15 ಆಂಪಿಯರಿನ ಒಂದು ಫ್ಯೂಸ್ ಇರುತ್ತದೆ, ವ್ಯಾನಿನ ಫ್ಯೂಸ್ ಬಾಕ್ಸಿನಲ್ಲಿ ರೇಡಿಯೋಗೆ ಇನ್ನೊಂದು. ಕಣ್ಣಲ್ಲಿ ನೋಡಿ ಸರಿಯಿದೆ ಅಂದುಕೊಳ್ಳಬೇಡಿ, ಮೀಟರಿನಲ್ಲಿ ನೋಡಿ. ಹಾಕಿದ ಕೂಡಲೇ ಮತ್ತೆ ಹೋಗುತ್ತಿದ್ದರೆ ದೊಡ್ಡ ಫ್ಯೂಸ್ ಹಾಕುವುದು ಪರಿಹಾರ ಅಲ್ಲ. ಎಲ್ಲೋ ಶಾರ್ಟ್ ಇದೆ, ಅದನ್ನು ಹುಡುಕಬೇಕು.

ಆಮೇಲೆ ಕಪ್ಲರಿನಲ್ಲಿ ಹಳದಿ ಮತ್ತು ಕೆಂಪು ವೈರ್ ಅಳೆಯಿರಿ. ಮೀಟರಿನ ಕಪ್ಪು ಪ್ರೋಬ್ ಯೂನಿಟ್ಟಿನ ಕಪ್ಪು ವೈರಿಗೇ ಇರಲಿ, ಡ್ಯಾಶ್‌ಬೋರ್ಡಿನ ಯಾವುದೋ ಬೋಲ್ಟಿಗಲ್ಲ. ಕೀ ಆಫ್ ಇದ್ದಾಗ ಹಳದಿಯಲ್ಲಿ 12, ಕೆಂಪಿನಲ್ಲಿ ಸೊನ್ನೆ. ಕೀ ಆನ್ ಮಾಡಿದರೆ ಎರಡರಲ್ಲೂ 12. ಇಷ್ಟು ಸಿಕ್ಕಿಯೂ ಯೂನಿಟ್ ಏಳದಿದ್ದರೆ ಆಗ ಅದರ ಮೇಲೆ ಅನುಮಾನ ಪಡಬಹುದು. ಆದರೆ ಅದಕ್ಕೂ ಮುಂಚೆ ಅರ್ತ್ ನೋಡಬೇಕು. ಇಲ್ಲೇ ತುಂಬಾ ಜನ ಮೋಸ ಹೋಗುವುದು.

ಮೀಟರನ್ನು ಬೀಪ್ ಮೋಡಿನಲ್ಲಿಟ್ಟು ಅರ್ತ್ ವೈರಿಗೂ ಬಾಡಿಗೂ ಹಿಡಿದರೆ ಬೀಪ್ ಅನ್ನುತ್ತದೆ. "ಅರ್ತ್ ಸರಿ ಇದೆ" ಅಂತ ಮುಂದೆ ಹೋಗುತ್ತೇವೆ. ಆದರೆ ಬೀಪ್ ಮೋಡಿನಲ್ಲಿ ಮೀಟರ್ ಕಳಿಸುವುದು ಬರೀ ಒಂದಿಷ್ಟು ಮಿಲಿಆಂಪಿಯರ್. ಒಂದೇ ಎಳೆ ಹಗ್ಗ ಖಾಲಿ ಕೊಡವನ್ನು ಎತ್ತೀತು, ತುಂಬಿದ ಕೊಡ ಕಟ್ಟಿದರೆ ತುಂಡಾಗುತ್ತದೆ. ಅರ್ತ್ ವೈರೂ ಹಾಗೆಯೇ. ಒಳಗೆ ಎರಡು ಎಳೆ ತಾಮ್ರ ಮಾತ್ರ ಉಳಿದಿದ್ದರೂ, ಬೋಲ್ಟಿನ ಕೆಳಗೆ ಬಣ್ಣ ಅಡ್ಡ ಬಂದಿದ್ದರೂ ಬೀಪ್ ಬರುತ್ತದೆ. ಯೂನಿಟ್ ಐದಾರು ಆಂಪಿಯರ್ ಎಳೆದಾಗ ಮಾತ್ರ ಬಣ್ಣ ಬಯಲಾಗುತ್ತದೆ.

ಸರಿಯಾದ ಪರೀಕ್ಷೆ ಹೀಗಿದೆ. ಮೀಟರನ್ನು ಡಿಸಿ ವೋಲ್ಟಿಗೆ ಇಡಿ. ಕಪ್ಪು ಪ್ರೋಬ್ ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೆ ಹೋಗಬೇಕು. ಉದ್ದನೆಯ ವೈರ್ ಬೇಕು ಅಂದದ್ದು ಇದಕ್ಕೇ. ಕೆಂಪು ಪ್ರೋಬ್ ಯೂನಿಟ್ಟಿನ ಲೋಹದ ಮೈಗೆ. ಯೂನಿಟ್ ಆನ್ ಆಗುವಂತಿದ್ದರೆ ಆನ್ ಮಾಡಿ ವಾಲ್ಯೂಮ್ ಜೋರಾಗಿಡಿ. ಮೀಟರ್ 0.1 ವೋಲ್ಟಿನ ಒಳಗೆ ತೋರಿಸಿದರೆ ಅರ್ತ್ ಗಟ್ಟಿ ಇದೆ. 0.2 ದಾಟಿದರೆ ಅನುಮಾನ. ಬೇಸ್ ಹೊಡೆದಾಗಲೆಲ್ಲ ಅಂಕಿ ಅರ್ಧ ವೋಲ್ಟ್, ಒಂದು ವೋಲ್ಟ್ ಜಿಗಿಯುತ್ತಿದ್ದರೆ ಸಂಶಯವೇ ಬೇಡ, ಬೇರೆ ಅರ್ತ್ ಹಾಕಿ. ಬಾಡಿಯ ಬಣ್ಣ ಕೆರೆದು, ಬರಿ ಲೋಹಕ್ಕೆ, ರಿಂಗ್ ಟರ್ಮಿನಲ್ ಒತ್ತಿಸಿ ಬಿಗಿ ಮಾಡಿ. ಇದೇ ರೀತಿ ಬ್ಯಾಟರಿ ಪಾಸಿಟಿವ್‌ಗೂ ಹಳದಿ ವೈರಿಗೂ ನಡುವೆ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಅಂತಲೂ ನೋಡಬಹುದು.

ಇದರಲ್ಲೇ ಒಂದು ವಿಚಿತ್ರ ಲಕ್ಷಣ ಕಾಣಿಸುತ್ತದೆ. ಆಂಟೆನಾ ಪಿನ್ ಸಿಕ್ಕಿಸಿದರೆ ಯೂನಿಟ್ ಓಡುತ್ತದೆ, ಕಿತ್ತರೆ ಆಫ್. ನೋಡಿದವರಿಗೆ ದೆವ್ವದ ಕಾಟದಂತೆ ಅನ್ನಿಸಬಹುದು, ಕಾರಣ ಮಾತ್ರ ಸರಳ. ಕಪ್ಪು ವೈರ್ ಎಲ್ಲೂ ಸೇರಿಲ್ಲ. ಯೂನಿಟ್ಟಿಗೆ ಅರ್ತ್ ಸಿಗುತ್ತಿರುವುದು ಆಂಟೆನಾ ಕೇಬಲ್ಲಿನ ಹೊರಜಾಲರಿಯ ಮೂಲಕ. ಅದನ್ನು ಹಾಗೇ ಬಿಟ್ಟರೆ ತೆಳು ಜಾಲರಿ ಬಿಸಿಯಾಗುತ್ತದೆ, ಸದ್ದಿನಲ್ಲಿ ಗೊರಗೊರ ಸೇರುತ್ತದೆ.

ಕೆಂಪು ವೈರಿಗೆ ಕರೆಂಟೇ ಇಲ್ಲ

ಇದು ಹೊಸ ವ್ಯಾನುಗಳ ದೊಡ್ಡ ತಲೆನೋವು. ಹಳೇ ವ್ಯಾನುಗಳಲ್ಲಿ ಕೀ ತಿರುಗಿಸಿದರೆ ರೇಡಿಯೋಗೆ ಬೇರೆಯೇ ಒಂದು ವೈರಿನಲ್ಲಿ 12 ವೋಲ್ಟ್ ಬರುತ್ತಿತ್ತು. ಈಗಿನ ಎಷ್ಟೋ ವ್ಯಾನುಗಳಲ್ಲಿ ಆ ವೈರೇ ಇಲ್ಲ. ರೇಡಿಯೋಗೆ ಬರುವುದು ಸದಾ ಇರುವ ಕರೆಂಟು, ಅರ್ತ್, ಮತ್ತೆ ತಿರುಚಿದ ಎರಡು ತೆಳು ವೈರ್. ಆ ಎರಡು ವೈರೇ ಕ್ಯಾನ್ ಬಸ್. ಬಾಷ್ ಕಂಪನಿ 1986ರಲ್ಲಿ ಹೊರತಂದ ಈ ವ್ಯವಸ್ಥೆಯಲ್ಲಿ "ಕೀ ಆನ್ ಆಗಿದೆ", "ಲೈಟ್ ಹಾಕಿದ್ದಾರೆ", "ರಿವರ್ಸ್ ಬಿದ್ದಿದೆ" ಅನ್ನುವುದೆಲ್ಲ ಸಂದೇಶವಾಗಿ ಓಡಾಡುತ್ತದೆ. ಕಂಪನಿಯ ರೇಡಿಯೋ ಆ ಸಂದೇಶ ಓದಿ ಎದ್ದೇಳುತ್ತಿತ್ತು. ನಿಮ್ಮ ಹೊಸ ಯೂನಿಟ್ಟಿನ ಕೆಂಪು ವೈರಿಗೆ ಅದು ತಿಳಿಯುವುದಿಲ್ಲ.

ಇದಕ್ಕೆ ಕ್ಯಾನ್ ಅಡಾಪ್ಟರ್ ಬೇಕು. ಅದು ಸಂದೇಶ ಓದಿ ಕೆಂಪು ವೈರಿಗೆ 12 ವೋಲ್ಟ್ ಕೊಡುತ್ತದೆ. ಒಳ್ಳೆಯದಾದರೆ ಲೈಟ್, ರಿವರ್ಸ್, ಸ್ಟೀರಿಂಗ್ ಬಟನ್ ಸಿಗ್ನಲ್ಲುಗಳನ್ನೂ ಕೊಡುತ್ತದೆ. ಅಡಾಪ್ಟರ್ ಇದ್ದೂ ಕರೆಂಟು ಬರುತ್ತಿಲ್ಲವೆಂದರೆ ಮೂರು ಸಂಗತಿ ನೋಡಿ. ಒಂದು, ಅದು ನಿಮ್ಮ ವ್ಯಾನಿನ ಮಾಡೆಲ್ಲಿಗೆ, ವರ್ಷಕ್ಕೆ ಸರಿಯಾದದ್ದೇ? ಒಂದೇ ಹೆಸರಿನ ವ್ಯಾನಿನಲ್ಲಿ ವರ್ಷ ಬದಲಾದಂತೆ ಸಂದೇಶಗಳೂ ಬದಲಾಗುತ್ತವೆ. ಎರಡು, ಆಂಡ್ರಾಯ್ಡ್ ಯೂನಿಟ್ ಆಗಿದ್ದರೆ ಅದರ ಫ್ಯಾಕ್ಟರಿ ಸೆಟ್ಟಿಂಗಿನಲ್ಲಿ ಕ್ಯಾನ್ ಬಾಕ್ಸಿನ, ಅಂದರೆ ಈ ಅಡಾಪ್ಟರಿನ, ಬಗೆಯನ್ನು ಆರಿಸಬೇಕಾಗುತ್ತದೆ. ಅದು ತಪ್ಪಿದ್ದರೆ ಯೂನಿಟ್ ಎದ್ದರೂ ಬಟನ್ನು, ರಿವರ್ಸ್ ಯಾವುದೂ ಕೆಲಸ ಮಾಡುವುದಿಲ್ಲ. ಮೂರು, ಎರಡು ಕ್ಯಾನ್ ವೈರ್ ಅದಲುಬದಲಾಗಿರಬಹುದು. ಬಸ್ ಎಚ್ಚರ ಇರುವಾಗ ಹೈ-ಸ್ಪೀಡ್ ಕ್ಯಾನಿನ ಎರಡೂ ವೈರ್ ಮೀಟರಿನಲ್ಲಿ ಸುಮಾರು 2.5 ವೋಲ್ಟ್ ತೋರಿಸುತ್ತವೆ. ಸ್ವಲ್ಪ ಮೇಲಿರುವುದು ಹೈ, ಸ್ವಲ್ಪ ಕೆಳಗಿರುವುದು ಲೋ.

ಅಡಾಪ್ಟರ್ ತಂಟೆಯೇ ಬೇಡ ಅಂತ ಕೆಂಪನ್ನೂ ಹಳದಿಯನ್ನೂ ಒಟ್ಟಿಗೆ ತಿರುಚಿ ಟೇಪ್ ಸುತ್ತುವವರಿದ್ದಾರೆ. ಯೂನಿಟ್ ಆನ್ ಆಗುತ್ತದೆ, ನಿಜ. ಆದರೆ ಮಲಗುವುದೇ ಇಲ್ಲ. ಕೈಯಲ್ಲಿ ಆಫ್ ಮಾಡಲು ಮರೆತ ದಿನ ಬ್ಯಾಟರಿ ಮುಗಿಯಿತು. ಇನ್ನು ಕೆಲವರು ಸಿಗರೇಟ್ ಲೈಟರ್ ಸಾಕೆಟ್ಟಿನಿಂದ ಕೆಂಪಿಗೆ ಕರೆಂಟು ಎಳೆಯುತ್ತಾರೆ. ಅದು ನಡೆಯುತ್ತದೆ, ಆದರೆ ನಿಮ್ಮ ವ್ಯಾನಿನಲ್ಲಿ ಆ ಸಾಕೆಟ್ ಕೀ ತೆಗೆದ ಮೇಲೆ ಆಫ್ ಆಗುತ್ತದಾ ಅಂತ ಮೊದಲು ಖಾತ್ರಿ ಮಾಡಿಕೊಳ್ಳಿ. ಎಷ್ಟೋ ವ್ಯಾನುಗಳಲ್ಲಿ ಅದು ಸದಾ ಜೀವಂತ.

ಪ್ರತಿ ಸಲ ಎಲ್ಲ ಮರೆತುಬಿಡುತ್ತದೆ

ಗಂಟೆ, ಸ್ಟೇಷನ್ನು, ಫೋನ್ ಜೋಡಣೆ ಎಲ್ಲ ಪ್ರತಿ ಸಲವೂ ಅಳಿಸಿಹೋಗುತ್ತಿದ್ದರೆ ಹಳದಿ-ಕೆಂಪು ಅದಲುಬದಲಾಗಿದೆ. ಯುರೋಪಿನ ಹಲವು ವಾಹನಗಳಲ್ಲಿರುವ ಐಎಸ್‌ಒ ಮಾನದಂಡದ ಕಪ್ಲರಿನಲ್ಲಿ ಕರೆಂಟಿನ ಬ್ಲಾಕಿನ 4ನೇ ಪಿನ್ ಸದಾ ಇರುವ ಕರೆಂಟು, 7ನೆಯದು ಕೀ ಕರೆಂಟು, 8ನೆಯದು ಅರ್ತ್. ಆದರೆ ಫೋಕ್ಸ್‌ವ್ಯಾಗನ್‌ನಂಥ ಕೆಲವು ಕಂಪನಿಗಳ ವಾಹನಗಳಲ್ಲಿ 4 ಮತ್ತು 7 ತಿರುಗುಮುರುಗು. ಅದಕ್ಕೇ ಅನೇಕ ಅಡಾಪ್ಟರ್ ವೈರುಗಳಲ್ಲಿ ಹಳದಿ-ಕೆಂಪಿನ ನಡುವೆ ಎಳೆದು ಬದಲಿಸುವ ಬುಲೆಟ್ ಕನೆಕ್ಟರ್ ಇರುತ್ತದೆ. ಅದನ್ನು ಬಿಡಿಸಿ ಅಡ್ಡಡ್ಡ ಸಿಕ್ಕಿಸಿದರೆ ಮುಗಿಯಿತು.

ಸ್ಟಾರ್ಟ್ ಮಾಡುವಾಗ ಯೂನಿಟ್ ಆಫ್ ಆಗಿ ಮತ್ತೆ ಆನ್ ಆಗುವುದು ಬೇರೆ ಮಾತು. ಸ್ಟಾರ್ಟರ್ ತಿರುಗುವಾಗ ವಾಹನವೇ ಕೀ ಕರೆಂಟನ್ನು ಒಂದು ಕ್ಷಣ ಕಡಿದುಹಾಕುತ್ತದೆ, ಅದು ಸಹಜ. ಆದರೆ ಹಳದಿಯಲ್ಲೂ ವೋಲ್ಟೇಜ್ 9ಕ್ಕಿಂತ ಕೆಳಗೆ ಬಿದ್ದು ಯೂನಿಟ್ ಪೂರ್ತಿ ರೀಬೂಟ್ ಆಗುತ್ತಿದ್ದರೆ ಬ್ಯಾಟರಿ ಮುದಿಯಾಗಿದೆ, ಇಲ್ಲವೇ ಟರ್ಮಿನಲ್ ಸಡಿಲ.

ಹೊರಗಿದ್ದಾಗ ಓಡುತ್ತದೆ, ಒಳಗೆ ತಳ್ಳಿದರೆ ನಿಲ್ಲುತ್ತದೆ

ಇದು ವೈರಿನದೇ ಕೆಲಸ. ಡಿನ್ ಅನ್ನುವುದು ಯೂನಿಟ್ಟಿನ ಅಳತೆಯ ಮಾನದಂಡ. ಒಂದು ಡಿನ್ ಯೂನಿಟ್ಟಿನ ಮುಖ 178 ಗುಣಿಸು 50 ಮಿಲಿಮೀಟರ್, ಡಬಲ್ ಡಿನ್ ಆದರೆ 178 ಗುಣಿಸು 100. ಮುಖ ಸರಿಹೊಂದಿದರೂ ಹಿಂದೆ ಜಾಗ ಸಾಕಾಗುವುದಿಲ್ಲ. ಕಂಪನಿ ಕಪ್ಲರ್, ಅಡಾಪ್ಟರ್, ಕ್ಯಾನ್ ಬಾಕ್ಸ್, ಯುಎಸ್‌ಬಿ ಕೇಬಲ್ ಎಲ್ಲ ಸೇರಿ ಒಂದು ಗಂಟು ಆಗಿರುತ್ತದೆ. ಆ ಗಂಟನ್ನು ಯೂನಿಟ್ಟಿನ ನೇರ ಹಿಂದೆ ಬಿಡದೆ ಕೆಳಗೋ ಪಕ್ಕಕ್ಕೋ ಇಳಿಸಿ ಕಟ್ಟಿ. ತಳ್ಳುವಾಗ ಗಟ್ಟಿ ಅನ್ನಿಸಿದರೆ ಅಲ್ಲೇ ನಿಲ್ಲಿಸಿ. ಬ್ರಾಕೆಟ್ಟಿನ ಅಂಚಿಗೆ ಸಿಕ್ಕ ವೈರಿನ ಸಿಪ್ಪೆ ಸುಲಿದು ಶಾರ್ಟ್ ಆಗುವುದು ಹೀಗೆಯೇ. ಇನ್ನೊಂದು ಸಂಗತಿ ಬ್ರಾಕೆಟ್ಟಿನ ಸ್ಕ್ರೂ. ಯೂನಿಟ್ ಜೊತೆ ಬಂದ ಸ್ಕ್ರೂಗಳನ್ನೇ ಬಳಸಿ. ಸ್ವಲ್ಪ ಉದ್ದದ್ದು ಹಾಕಿದರೂ ಅದರ ತುದಿ ಒಳಗಿನ ಬೋರ್ಡಿಗೆ ತಾಗಬಹುದು.

ಆನ್ ಆಗಿದೆ, ಸದ್ದಿಲ್ಲ

ಎಲ್ಲ ಸ್ಪೀಕರುಗಳೂ ಮೌನವೇ, ಇಲ್ಲ ಒಂದು ಮಾತ್ರವೇ? ಉತ್ತರ ಪೂರ್ತಿ ಬೇರೆ. ಬ್ಯಾಲೆನ್ಸ್, ಫೇಡರ್ ಸೆಟ್ಟಿಂಗಿನಲ್ಲಿ ಒಂದೊಂದು ಮೂಲೆಗೂ ಸದ್ದು ಕಳಿಸಿ ನೋಡಿ, ಕಾಗದದಲ್ಲಿ ಬರೆದುಕೊಳ್ಳಿ. ಮ್ಯೂಟ್ ಆಗಿದೆಯೇ ಅಂತಲೂ ನೋಡಿ. ಕೆಲವು ಅಡಾಪ್ಟರುಗಳಲ್ಲಿ ಫೋನಿಗಾಗಿ ಇರುವ ಮ್ಯೂಟ್ ವೈರ್ ಎಲ್ಲಾದರೂ ತಾಗಿಕೊಂಡು ಇಡೀ ಯೂನಿಟ್ಟನ್ನೇ ಮೂಕ ಮಾಡಿರುತ್ತದೆ.

ಎಲ್ಲವೂ ಮೌನವಾಗಿದ್ದು, ವ್ಯಾನಿನಲ್ಲಿ ಕಂಪನಿಯ ಆಂಪ್ಲಿಫೈಯರ್ ಬೇರೆಯೇ ಇದ್ದರೆ ಅದನ್ನು ಯಾರೂ ಎಬ್ಬಿಸುತ್ತಿಲ್ಲ ಅಂತ ಅರ್ಥ. ಅದು ಸೀಟಿನ ಕೆಳಗೋ ಪಕ್ಕದ ಪ್ಯಾನೆಲ್ಲಿನ ಹಿಂದೆಯೋ ಕೂತಿರುತ್ತದೆ. ನೀಲಿ-ಬಿಳಿ ವೈರ್ ಅದರ ರಿಮೋಟ್ ಪಿನ್ನಿಗೆ ತಲುಪಬೇಕು, ಯೂನಿಟ್ ಆನ್ ಇದ್ದಾಗ ಅಲ್ಲಿ 12 ವೋಲ್ಟ್ ಕಾಣಬೇಕು. ಆಪ್ಟಿಕಲ್ ಕೇಬಲ್ಲಿನ ಡಿಜಿಟಲ್ ಆಂಪ್ಲಿಫೈಯರ್ ಆಗಿದ್ದರೆ ವೈರ್ ಜೋಡಿಸಿ ಪ್ರಯೋಜನವಿಲ್ಲ. ಅದಕ್ಕೆಂದೇ ಇರುವ ಇಂಟರ್‌ಫೇಸ್ ಬೇಕು, ಇಲ್ಲವೇ ಆ ಆಂಪ್ಲಿಫೈಯರನ್ನೇ ಬಿಟ್ಟು ಸ್ಪೀಕರುಗಳಿಗೆ ಹೊಸ ವೈರ್ ಎಳೆಯಬೇಕು.

ಇನ್ನೊಂದು ಬಗೆ ಹೀಗೆ: ಯೂನಿಟ್ ಒಂದೆರಡು ಕ್ಷಣ ಸದ್ದು ಮಾಡಿ ಸುಮ್ಮನಾಗುತ್ತದೆ, ಅಥವಾ ಸ್ಕ್ರೀನ್ ಮೇಲೆ ಪ್ರೊಟೆಕ್ಟ್ ಅಂತ ಬರುತ್ತದೆ. ಇದರ ಹಿಂದಿನ ಕೆಲಸ ಗೊತ್ತಿದ್ದರೆ ಅರ್ಧ ದೋಷ ಸಿಕ್ಕಂತೆ. ಹೊಸ ಯೂನಿಟ್ಟುಗಳ ಒಳಗಿನ ಆಂಪ್ಲಿಫೈಯರ್ ಒಂದು ಸ್ಪೀಕರಿನ ಎರಡೂ ವೈರನ್ನು ಓಡಿಸುತ್ತದೆ. ಪಾಸಿಟಿವ್ ಮೇಲೆ ಹೋದಾಗ ನೆಗೆಟಿವ್ ಕೆಳಗೆ, ಕೆಳಗೆ ಬಂದಾಗ ಅದು ಮೇಲೆ. ಅಂದರೆ ಇಲ್ಲಿ ನೆಗೆಟಿವ್ ಅನ್ನುವುದು ಅರ್ತ್ ಅಲ್ಲವೇ ಅಲ್ಲ. ಅದು ಬಾಡಿಗೆ ತಾಗಿದರೆ ಶಾರ್ಟ್, ಬೇರೆ ಸ್ಪೀಕರಿನ ನೆಗೆಟಿವ್‌ಗೆ ಸೇರಿದರೂ ಶಾರ್ಟ್. ಹಳೇ ವ್ಯಾನುಗಳಲ್ಲಿ ಎರಡು ಸ್ಪೀಕರಿಗೆ ಸೇರಿ ಒಂದೇ ನೆಗೆಟಿವ್ ಇರುತ್ತಿತ್ತು, ಕೆಲವದರಲ್ಲಿ ಅದು ಬಾಡಿಗೇ ಹೋಗುತ್ತಿತ್ತು. ಅಂಥ ವೈರಿಂಗಿಗೆ ಹೊಸ ಯೂನಿಟ್ ಕೂಡುವುದಿಲ್ಲ. ಪ್ರತಿ ಸ್ಪೀಕರಿಗೂ ಎರಡೆರಡು ಹೊಸ ವೈರ್ ಎಳೆಯಲೇಬೇಕು.

ಪರೀಕ್ಷೆ ಸುಲಭ. ಯೂನಿಟ್ ಆನ್ ಮಾಡಿ ವಾಲ್ಯೂಮ್ ಸೊನ್ನೆಗೆ ಇಡಿ. ಪ್ರತಿ ಸ್ಪೀಕರ್ ವೈರಿಗೂ ಅರ್ತಿಗೂ ನಡುವೆ ಡಿಸಿ ವೋಲ್ಟ್ ಅಳೆಯಿರಿ. ಸಾಮಾನ್ಯ ಯೂನಿಟ್ಟಿನಲ್ಲಿ ಅದಕ್ಕೆ ಬರುವ ವೋಲ್ಟೇಜಿನ ಅರ್ಧ, ಅಂದರೆ 6ರಿಂದ 7 ವೋಲ್ಟ್, ಎರಡೂ ವೈರಿನಲ್ಲಿ ಒಂದೇ ಸಮ ಸಿಗುತ್ತದೆ. ಒಂದು ವೈರ್ ಸೊನ್ನೆಯೋ 12ರ ಹತ್ತಿರವೋ ತೋರಿಸಿದರೆ ಆ ಸಾಲಿನಲ್ಲೇ ದೋಷ. ಈಗ ಸ್ಪೀಕರ್ ಕಪ್ಲರ್ ಕಿತ್ತು ಮತ್ತೆ ನೋಡಿ. ಅಂಕಿ ಸರಿಯಾದರೆ ತಪ್ಪು ವ್ಯಾನಿನ ವೈರಿಂಗಿನದು. ಕಪ್ಲರ್ ಕಿತ್ತ ಮೇಲೂ ಹಾಗೇ ಇದ್ದರೆ ಯೂನಿಟ್ಟಿನ ಒಳಗಿನ ಚಿಪ್ ಹೋಗಿದೆ. ಇಷ್ಟು ಪುರಾವೆ ಸಿಕ್ಕರೆ ಧೈರ್ಯವಾಗಿ ವಾಪಸ್ ಕಳಿಸಬಹುದು.

ವೈರಿಂಗ್ ಕಡೆ ನೋಡಲು ಕಪ್ಲರ್ ಕಿತ್ತ ಸ್ಥಿತಿಯಲ್ಲೇ ಓಮ್ ಅಳೆಯಿರಿ. 4 ಓಮಿನ ಸ್ಪೀಕರ್ ಮೀಟರಿನಲ್ಲಿ 3ರಿಂದ 4ರ ನಡುವೆ ತೋರಿಸುತ್ತದೆ. ಸೊನ್ನೆ ಬಂದರೆ ಎರಡು ವೈರ್ ತಾಗಿವೆ. ಏನೂ ಬರದಿದ್ದರೆ ಎಲ್ಲೋ ತುಂಡಾಗಿದೆ. ಇಲ್ಲಿ ಒಂದು ಎಚ್ಚರ: ಆ ಜೋಡಿ ಬರೀ ಟ್ವೀಟರಿಗೆ (ಕೀಚಲು ಸ್ವರಗಳಿಗೆಂದೇ ಇರುವ ಪುಟ್ಟ ಸ್ಪೀಕರಿಗೆ) ಹೋಗುತ್ತಿದ್ದರೆ ನಡುವೆ ಕೆಪಾಸಿಟರ್ ಇರುತ್ತದೆ, ಆಗ ಏನೂ ತೋರಿಸದಿರುವುದೇ ಸರಿ. ಆಮೇಲೆ ಪ್ರತಿ ವೈರಿಗೂ ಬಾಡಿಗೂ ಅಳೆಯಿರಿ. ಅಲ್ಲಿ ಸಂಪರ್ಕವೇ ಇರಬಾರದು.

ವೈರ್ ತುಂಡಾಗುವ ಜಾಗ ಹುಡುಕಲು ಇಡೀ ವ್ಯಾನ್ ಬಿಚ್ಚಬೇಕಿಲ್ಲ. ಬಾಗಿಲಿಗೂ ಬಾಡಿಗೂ ನಡುವೆ ಸುಕ್ಕುಸುಕ್ಕಾದ ರಬ್ಬರ್ ಕೊಳವೆ ಇರುತ್ತದೆ. ಮೊದಲು ಅದನ್ನೇ ನೋಡಿ. ವ್ಯಾನಿನ ಮುಂದಿನ ಬಾಗಿಲು ದಿನಕ್ಕೆ ಎಷ್ಟು ಸಲ ತೆರೆಯುತ್ತದೆ, ಮುಚ್ಚುತ್ತದೆ! ಸಾಮಾನು ಸಾಗಿಸುವ ವ್ಯಾನಾದರೆ ಕೇಳುವುದೇ ಬೇಡ. ಪ್ರತಿ ಸಲವೂ ಅಲ್ಲಿನ ವೈರ್ ಬಾಗುತ್ತದೆ. ರಬ್ಬರನ್ನು ಮೆಲ್ಲಗೆ ಹಿಂದಕ್ಕೆ ಸರಿಸಿ ಒಂದೊಂದೇ ವೈರನ್ನು ಬೆರಳಲ್ಲಿ ಹಿಡಿದು ಹಗುರವಾಗಿ ಎಳೆಯಿರಿ. ಗಟ್ಟಿ ವೈರ್ ಎಳೆದರೂ ಹಾಗೇ ನಿಲ್ಲುತ್ತದೆ. ಒಳಗೆ ತುಂಡಾದದ್ದು ರಬ್ಬರ್ ದಾರದಂತೆ ಹಿಗ್ಗುತ್ತದೆ, ಏಕೆಂದರೆ ಉಳಿದಿರುವುದು ಹೊರಗಿನ ಸಿಪ್ಪೆ ಮಾತ್ರ. ಬಾಗಿಲು ತೆರೆದಾಗ ಸದ್ದು ಹೋಗಿ ಮುಚ್ಚಿದಾಗ ಬರುವ ತೊಂದರೆ ನೂರಕ್ಕೆ ತೊಂಬತ್ತು ಪಾಲು ಇದೇ. ಯೂನಿಟ್ ಬದಲಿಸುವ ಮುಂಚೆಯೂ ಆ ವೈರ್ ಸಾಯುತ್ತಲೇ ಇತ್ತು. ಹೊಸ ಯೂನಿಟ್ ಬಂದ ಮೇಲೆ ಗಮನ ಹರಿಯಿತು, ಅಷ್ಟೇ.

ಸದ್ದು ಬರುತ್ತಿದೆ, ಬೇಸ್ ಮಾತ್ರ ಇಲ್ಲ, ಹಾಡು ತೆಳ್ಳಗೆ ಕೇಳುತ್ತಿದೆ. ಒಂದು ಸ್ಪೀಕರಿನ ಪಾಸಿಟಿವ್-ನೆಗೆಟಿವ್ ತಿರುಗಿದೆ. ಕಪ್ಲರ್ ಕಿತ್ತು, ಪೆನ್ಸಿಲ್ ಸೆಲ್ಲಿನ ಪಾಸಿಟಿವ್ ತುದಿಯನ್ನು ಪಾಸಿಟಿವ್ ಅಂತ ನೀವು ಗುರುತಿಸಿದ ವೈರಿಗೆ, ನೆಗೆಟಿವನ್ನು ಇನ್ನೊಂದಕ್ಕೆ ಒಂದು ಕ್ಷಣ ತಾಗಿಸಿ. ಸ್ಪೀಕರಿನ ಕೋನ್ ಹೊರಗೆ ಚಿಮ್ಮಿದರೆ ಸರಿ, ಒಳಗೆ ಹೋದರೆ ವೈರ್ ತಿರುಗಿಸಿ. ಟ್ವೀಟರಿಗೆ ಈ ಪರೀಕ್ಷೆ ಬೇಡ.

ಜೋರಾಗಿಟ್ಟರೆ ಸದ್ದು ಒಡೆಯುತ್ತದೆ ಅನ್ನುವ ದೂರಿಗೆ ಒಂದು ಮಾತು. ಡಬ್ಬದ ಮೇಲಿನ "50 ವ್ಯಾಟ್ ಗುಣಿಸು 4" ಒಂದು ಕ್ಷಣದ ಗರಿಷ್ಠ ಲೆಕ್ಕ. ಒಂದೇ ಸಮ ಕೊಡಬಲ್ಲ ಶಕ್ತಿ ಸಾಮಾನ್ಯವಾಗಿ ಒಂದು ಸ್ಪೀಕರಿಗೆ 15ರಿಂದ 22 ವ್ಯಾಟ್. ವ್ಯಾನಿನ ಇಂಜಿನ್ ಸದ್ದನ್ನು ಮೀರಿಸಲು ವಾಲ್ಯೂಮ್ ಪೂರ್ತಿ ತಿರುಗಿಸಿದರೆ ಒಡೆಯುವುದು ದೋಷವಲ್ಲ, ಅದರ ಮಿತಿ.

ಇಂಜಿನ್ ಜೊತೆ ಕುಯ್ಯೆನ್ನುವ ಸದ್ದು

ಆಕ್ಸಿಲರೇಟರ್ ಒತ್ತಿದಂತೆ ಕುಯ್ ಸದ್ದಿನ ಶ್ರುತಿಯೂ ಏರುತ್ತಿದ್ದರೆ ಅದು ಆಲ್ಟರ್ನೇಟರಿನಿಂದ ಬರುತ್ತಿದೆ. ವಾಲ್ಯೂಮ್ ಪೂರ್ತಿ ಇಳಿಸಿ ಕೇಳಿ. ಕುಯ್ ಸದ್ದೂ ಇಳಿದರೆ ಅದು ಹಾಡಿನ ಮೂಲದಿಂದ ಒಳಗೆ ಬರುತ್ತಿದೆ. ಹೆಚ್ಚಿನಂಶ ಆಕ್ಸ್ ವೈರಿನಲ್ಲಿ ಹಾಡುತ್ತಾ, ಅದೇ ವ್ಯಾನಿನ ಸಾಕೆಟ್ಟಿನಲ್ಲಿ ಚಾರ್ಜ್ ಆಗುತ್ತಿರುವ ಫೋನ್. ಚಾರ್ಜರ್ ಕಿತ್ತರೆ ನಿಂತಿತೇ? ಹಾಗಾದರೆ ಬ್ಲೂಟೂತ್ ಬಳಸಿ, ಇಲ್ಲವೇ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ (ಅರ್ತ್ ಮೂಲಕ ಬರುವ ಇಂಥ ಸದ್ದನ್ನು ತಡೆಯುವ ಪುಟ್ಟ ಸಾಧನ) ಹಾಕಿ.

ವಾಲ್ಯೂಮ್ ಸೊನ್ನೆ ಇದ್ದರೂ ಕುಯ್ ಒಂದೇ ಸಮ ಕೇಳಿದರೆ ಆಂಪ್ಲಿಫೈಯರಿಗೆ ಹಾಡಿನ ಸಿಗ್ನಲ್ ಒಯ್ಯುವ ಆರ್‌ಸಿಎ ಕೇಬಲ್ ಕಡೆ ನೋಡಿ. ಕರೆಂಟಿನ ದಪ್ಪ ವೈರಿನ ಪಕ್ಕದಲ್ಲೇ ಅದು ಸಾಗಿದ್ದರೆ ಇನ್ನೊಂದು ಬದಿಗೆ ಎಳೆಯಿರಿ. ಆಮೇಲೆ ಎಲ್ಲ ಆಫ್ ಮಾಡಿ, ಯೂನಿಟ್ಟಿನ ಆರ್‌ಸಿಎ ಸಾಕೆಟ್ಟಿನ ಹೊರಬಳೆಗೂ ಅದರ ಲೋಹದ ಮೈಗೂ ನಡುವೆ ಓಮ್ ಅಳೆಯಿರಿ. ಸೊನ್ನೆಯ ಹತ್ತಿರ ಇರಬೇಕು. ಏನೂ ತೋರಿಸದಿದ್ದರೆ ಆ ದಾರಿಯಲ್ಲಿರುವ ಸಣ್ಣ ಒಳಫ್ಯೂಸ್ ಸುಟ್ಟಿದೆ. ಯೂನಿಟ್ ಆನ್ ಇರುವಾಗಲೇ ಆರ್‌ಸಿಎ ಎಳೆದು ಸಿಕ್ಕಿಸಿದರೆ ಇದು ಸುಡುವ ಸಂಭವವಿದೆ. ಹೊರಬಳೆಯಿಂದ ಮೈಗೆ ಒಂದು ತುಂಡು ವೈರ್ ಹಿಡಿದಾಗ ಕುಯ್ ನಿಂತರೆ ರೋಗ ಖಾತ್ರಿ.

ರೇಡಿಯೋ ಸರಿಯಾಗಿ ಹಿಡಿಯುತ್ತಿಲ್ಲ

ಹಳೇ ಸ್ಟೀರಿಯೋದಲ್ಲಿ ಚೆನ್ನಾಗಿ ಬರುತ್ತಿದ್ದ ಎಫ್‌ಎಂ ಹೊಸದರಲ್ಲಿ ಬರೀ ಸುಯ್ ಅನ್ನುತ್ತಿದೆಯೇ? ವ್ಯಾನಿನ ಆಂಟೆನಾದ ಬುಡದಲ್ಲಿ ಪುಟ್ಟ ಬೂಸ್ಟರ್ ಇರುತ್ತದೆ. ಕಂಪನಿ ರೇಡಿಯೋ ಅದಕ್ಕೆ ಕರೆಂಟನ್ನು ಆಂಟೆನಾ ಕೇಬಲ್ಲಿನ ಮೂಲಕವೇ ಕಳಿಸುತ್ತಿತ್ತು. ಹೊಸ ಯೂನಿಟ್ ಸಾಮಾನ್ಯವಾಗಿ ಹಾಗೆ ಕಳಿಸುವುದಿಲ್ಲ. ಆಂಟೆನಾ ಕೇಬಲ್ಲಿನ ತುದಿಯಲ್ಲಿ ಫಾಕ್ರಾ ಅನ್ನುವ ಬಗೆಯ ಬಣ್ಣದ ಪ್ಲಾಸ್ಟಿಕ್ ಕನೆಕ್ಟರ್ ಇದ್ದರೆ ಬಣ್ಣ ನೋಡಿ. ಕೆನೆ ಬಣ್ಣದ್ದು ಕೇಬಲ್ಲಿನಲ್ಲೇ ಕರೆಂಟು ಕೇಳುವ ರೇಡಿಯೋ ಆಂಟೆನಾ, ಕಪ್ಪು ಹಾಗೆ ಕೇಳದ್ದು, ನೀಲಿ ಜಿಪಿಎಸ್‌ನದು. ಕರೆಂಟು ಸೇರಿಸುವ ಆಂಟೆನಾ ಅಡಾಪ್ಟರಿನಿಂದ ಒಂದು ತೆಳು ವೈರ್ ಹೊರಗೆ ಬಂದಿರುತ್ತದೆ. ಅದನ್ನು ಯೂನಿಟ್ಟಿನ ನೀಲಿ ವೈರಿಗೆ ಸೇರಿಸಬೇಕು. ಆ ವೈರ್ ಸುಮ್ನೆ ಜೋತಾಡುತ್ತಾ ಬಿಟ್ಟಿರುವುದನ್ನು ಎಷ್ಟು ವ್ಯಾನುಗಳಲ್ಲಿ ನೋಡಿದ್ದೇನೋ.

ಫಿಯಾಟ್ ಡುಕಾಟೋದಂಥ ಕೆಲವು ವ್ಯಾನುಗಳಲ್ಲಿ ಆಂಟೆನಾ ಇರುವುದೇ ಬಾಗಿಲ ಕನ್ನಡಿಯ ಒಳಗೆ. ಅದರ ಕೇಬಲ್ಲೂ ಮೇಲೆ ಹೇಳಿದ ರಬ್ಬರ್ ಕೊಳವೆಯಲ್ಲೇ ಸಾಗುತ್ತದೆ, ಅದೇ ರೀತಿ ಸವೆಯುತ್ತದೆ.

ಆಂಟೆನಾ ಸರಿಯಿದ್ದೂ ಸುಯ್ ಸದ್ದು ಹೋಗದಿದ್ದರೆ ಸಾಕೆಟ್ಟಿನಲ್ಲಿರುವ ಯುಎಸ್‌ಬಿ ಚಾರ್ಜರ್, ಡ್ಯಾಶ್‌ಕ್ಯಾಮ್, ಎಲ್‌ಇಡಿ ದೀಪಗಳನ್ನು ಒಂದೊಂದಾಗಿ ಕಿತ್ತು ನೋಡಿ. ಅಗ್ಗದ ಚಾರ್ಜರುಗಳ ಒಳಗಿನ ಸರ್ಕ್ಯೂಟ್ ರೇಡಿಯೋ ಅಲೆಗಳ ಮೇಲೆಯೇ ಗದ್ದಲ ಚೆಲ್ಲುತ್ತದೆ.

ಬಟನ್, ಕ್ಯಾಮೆರಾ, ಫೋನ್

ಸ್ಟೀರಿಂಗ್ ಬಟನ್ ಕ್ಯಾನ್ ಮೂಲಕ ಬರದೆ ವೈರಿನಲ್ಲೇ ಬರುವ ವ್ಯಾನಾದರೆ, ಪ್ರತಿ ಬಟನ್ನಿಗೂ ಬೇರೆಬೇರೆ ಓಮ್ ಬರಬೇಕು. ಬಟನ್ ಒತ್ತುತ್ತಾ ಮೀಟರ್ ನೋಡಿ. ಅಂಕಿ ಬದಲಾಗುತ್ತಿದ್ದರೆ ಯೂನಿಟ್ಟಿನ ಸೆಟ್ಟಿಂಗಿನಲ್ಲಿ ಕಲಿಸಿದರಾಯಿತು.

ರಿವರ್ಸ್ ಹಾಕಿದಾಗ ಸ್ಕ್ರೀನ್ ಬದಲಾಗಿಯೂ ಕಪ್ಪಾಗಿದ್ದರೆ ಕ್ಯಾಮೆರಾದ ವಿಡಿಯೋ ಬಗೆ ಹೊಂದುತ್ತಿಲ್ಲ. ಪಾಲ್, ಎನ್‌ಟಿಎಸ್‌ಸಿ, ಎಎಚ್‌ಡಿ ಒಂದೊಂದನ್ನೇ ಆರಿಸಿ ನೋಡಿ. ಚಿತ್ರ ಮಿಣುಕುತ್ತಿದ್ದರೆ ರಿವರ್ಸ್ ಲೈಟಿನ ಕರೆಂಟು ತುಂಡುತುಂಡಾಗಿ ಬರುತ್ತಿದೆ. ಕ್ಯಾಮೆರಾಗೆ ಕರೆಂಟನ್ನು ಅಲ್ಲಿಂದ ತೆಗೆಯದೆ ಯೂನಿಟ್ಟಿನ ಕಡೆಯಿಂದ ಕೊಡಿ.

ಫೋನ್ ಸೇರುತ್ತಿಲ್ಲವೆಂದರೆ ಮೊದಲು ಕೇಬಲ್ ಬದಲಿಸಿ. ಬರೀ ಚಾರ್ಜ್ ಮಾಡುವ ಕೇಬಲ್ಲಿನಲ್ಲಿ ಡೇಟಾ ವೈರ್ ಇರುವುದಿಲ್ಲ. ಎರಡು ಯುಎಸ್‌ಬಿ ಬಾಯಿ ಇದ್ದರೆ ಇನ್ನೊಂದರಲ್ಲೂ ನೋಡಿ. ವೈರಿಲ್ಲದ ಜೋಡಣೆ ಬ್ಲೂಟೂತಿನಲ್ಲಿ ಶುರುವಾಗಿ ವೈಫೈಗೆ ದಾಟುತ್ತದೆ. ಹಾಗಾಗಿ ಫೋನಿನಲ್ಲಿ ಎರಡೂ ಆನ್ ಇರಬೇಕು, ವಿಪಿಎನ್ ಇದ್ದರೆ ಆಫ್ ಮಾಡಿ ನೋಡಿ.

ರಾತ್ರಿ ಕಳೆದರೆ ಬ್ಯಾಟರಿ ಖಾಲಿ

ಲೆಕ್ಕ ಹಾಕಿ ನೋಡಿ. ಅರ್ಧ ಆಂಪಿಯರ್ ಸೋರಿದರೂ ದಿನಕ್ಕೆ 12 ಆಂಪಿಯರ್-ಅವರ್ ಹೋಯಿತು. 60ರ ಬ್ಯಾಟರಿ ಎರಡೂವರೆ ದಿನದಲ್ಲಿ ಅರ್ಧ ಖಾಲಿ.

ಅಳೆಯಲು ಮೀಟರನ್ನು 10 ಆಂಪಿಯರ್ ಸಾಕೆಟ್ಟಿಗೆ ಬದಲಿಸಿ, ಬ್ಯಾಟರಿಯ ನೆಗೆಟಿವ್ ಟರ್ಮಿನಲ್ಲಿಗೂ ಅದರ ಕೇಬಲ್ಲಿಗೂ ನಡುವೆ ಸೇರಿಸಿ. ಬಾಗಿಲ ಲ್ಯಾಚನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಮುಚ್ಚಿದಂತೆ ಮಾಡಿ, ಕೀ ಹೊರಗೆ ದೂರ ಇಡಿ. ಮೀಟರ್ ಸೇರಿಸಿದ ಮೇಲೆ ಕೀ ತಿರುಗಿಸಲೇಬೇಡಿ, ಮೀಟರಿನ ಫ್ಯೂಸ್ ಹೋಗುತ್ತದೆ. ವ್ಯಾನಿನ ಕಂಟ್ರೋಲ್ ಯೂನಿಟ್ಟುಗಳು ಮಲಗಲು ಅರ್ಧ ಗಂಟೆಯಾದರೂ ಬಿಡಿ. ಮೊದಲಿನ ದೊಡ್ಡ ಅಂಕಿ ನೋಡಿ ಗಾಬರಿಯಾಗಬೇಡಿ. ಕೊನೆಗೆ 50 ಮಿಲಿಆಂಪಿಯರಿನ ಒಳಗೆ ಬಂದರೆ ಸಾಮಾನ್ಯವಾಗಿ ಸರಿ.

ಜಾಸ್ತಿ ಇದ್ದರೆ ಯೂನಿಟ್ಟಿನ ಹಿಂದಿನ ಫ್ಯೂಸ್ ತೆಗೆಯಿರಿ. ಅಂಕಿ ಇಳಿಯಿತೇ? ಹಾಗಾದರೆ ಕೀ ತೆಗೆದ ಮೇಲೂ ಕೆಂಪು ವೈರಿನಲ್ಲಿ 12 ವೋಲ್ಟ್ ಉಳಿದಿದೆಯಾ ನೋಡಿ. ಅಲ್ಲಿ ಸೊನ್ನೆ ಇದ್ದರೆ ಆಂಡ್ರಾಯ್ಡ್ ಯೂನಿಟ್ಟಿನ ಸ್ಲೀಪ್ ಸೆಟ್ಟಿಂಗ್ ನೋಡಿ. ಬೇಗ ಎದ್ದೇಳಲೆಂದು ದಿನಗಟ್ಟಲೆ ಅರೆನಿದ್ದೆಯಲ್ಲಿ ಇಟ್ಟಿರುತ್ತಾರೆ. ಅದನ್ನು ಒಂದೆರಡು ಗಂಟೆಗೆ ಇಳಿಸಿ.

ಫ್ಯೂಸ್ ತೆಗೆದರೂ ಅಂಕಿ ಅಲುಗಾಡದಿದ್ದರೆ ಕ್ಯಾನ್ ಅಡಾಪ್ಟರಿನ ಕಡೆ ತಿರುಗಿ. ಹೊಂದದ ಅಡಾಪ್ಟರ್ ಬಸ್ಸಿಗೆ ಸಂದೇಶ ಕಳಿಸುತ್ತಲೇ ಇದ್ದು ಇಡೀ ವ್ಯಾನನ್ನು ಮಲಗಲು ಬಿಡುವುದಿಲ್ಲ. ಅದು ತಾನು ಎಳೆಯುವ ಕರೆಂಟು ಚೂರೇ, ಆದರೆ ಅದರಿಂದ ಎಚ್ಚರವಾಗಿರುವ ಉಳಿದ ಯೂನಿಟ್ಟುಗಳು ಸೇರಿ ಬ್ಯಾಟರಿ ಹೀರುತ್ತವೆ. ಅದರ ಕಪ್ಲರ್ ಕಿತ್ತು ಇನ್ನೊಂದು ಅರ್ಧ ಗಂಟೆ ಕಾಯಿರಿ. ಅಂಕಿ ಇಳಿದರೆ ನಿಮ್ಮ ಮಾಡೆಲ್ಲಿಗೂ ವರ್ಷಕ್ಕೂ ಸರಿಹೊಂದುವ ಅಡಾಪ್ಟರ್ ತರಿಸಿ ಹಾಕಿ, ಆಮೇಲೆ ಇದೇ ಅಳತೆಯನ್ನು ಮತ್ತೊಮ್ಮೆ ಮಾಡಿ. ಡ್ಯಾಶ್‌ಬೋರ್ಡಿನ ಪ್ಯಾನೆಲ್ ಮುಚ್ಚುವುದು ಆ ಅಂಕಿ ನೋಡಿದ ಮೇಲೆಯೇ.